ಅಮ್ಮನ ಮೇಲೆ ಆಣೆ ಮಾಡಿದರೆ ಸಿಗರೇಟು ಬಿಡಲು ಮನಸ್ಸು ಗಟ್ಟಿಯಾಗುತ್ತದೆಯೇ?

ದಯವಿಟ್ಟು ಆಣೆ ಮಾಡಬೇಡಿ. ನಾನು ಮಗಳ ತಲೆಯ ಮೇಲೆ ಕೈಯಿಟ್ಟು ಮಾಡಿದ್ದೆ. ಅದಕ್ಕೆ ತೆತ್ತದ್ದು ನಾಲ್ಕು ವರ್ಷ.

ದಾವಣಗೆರೆಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆಗ ದಿನಕ್ಕೆ 12 ಸಿಗರೇಟು. ಮಗಳ ಮೂರನೆಯ ಹುಟ್ಟುಹಬ್ಬದಂದು ನೆಂಟರೆಲ್ಲರ ಎದುರು ‘ಇನ್ನು ಮುಟ್ಟುವುದಿಲ್ಲ’ ಎಂದೆ. ಅತ್ತೆಯವರ ಕಣ್ಣಲ್ಲಿ ನೀರು. ನನಗೂ ನನ್ನ ಮೇಲೆ ಭಾರಿ ಗೌರವ ಹುಟ್ಟಿತು. 23 ದಿನ ನಡೆಯಿತು. ಮಾರ್ಚ್ ಕೊನೆಯ ವಾರ ಲೆಕ್ಕ ತಾಳೆಯಾಗದೆ, ಮಾಲೀಕರಿಂದ ಬೈಸಿಕೊಂಡು ಹೊರಬಂದವನು ಗೂಡಂಗಡಿಯಲ್ಲಿ ಒಂದು ಹಚ್ಚಿದೆ. ತಲೆ ತಿರುಗಿತು, ರುಚಿಯೂ ಹತ್ತಲಿಲ್ಲ.

ತಪ್ಪು ಅದಲ್ಲ. ಆ ಒಂದನ್ನು ಮನೆಯಲ್ಲಿ ಹೇಳಿಕೊಳ್ಳಲಾಗದಂತೆ ನಾನೇ ಮೊದಲೇ ಬಾಯಿಗೆ ಬೀಗ ಹಾಕಿಕೊಂಡಿದ್ದೆನಲ್ಲ, ಅದು ತಪ್ಪು. ಆಣೆ ಇಲ್ಲದಿದ್ದರೆ ‘ಇವತ್ತು ಒಂದು ಸೇದಿದೆ’ ಎನ್ನುತ್ತಿದ್ದೆ, ಹೆಂಡತಿ ಬೈಯುತ್ತಿದ್ದಳು, ಬೆಳಗಾದರೆ ಮತ್ತೆ ಶುರು. ಆಣೆ ಇದ್ದುದರಿಂದ ಅದು ಮಗಳಿಗೆ ಬಗೆದ ದ್ರೋಹವಾಯಿತು. ಆ ವಾರವೇ ಅವಳಿಗೆ ಜ್ವರ, 102 ಡಿಗ್ರಿ. ಹರಕೆ, ಶಾಪಗಳನ್ನು ಎಂದೂ ನಂಬದ ನಾನು ಆ ರಾತ್ರಿ ನಂಬಿದೆ. ಹೆದರಿಕೆಗೆ ನನಗೆ ಗೊತ್ತಿದ್ದ ಮದ್ದು ಒಂದೇ: ಔಷಧಿ ತರಲು ಹೋದವನು ಎರಡು ಸೇದಿ ಬಂದೆ. ಆಣೆ ಮುರಿದ ಸಂಕಟಕ್ಕೆ ಒಂದು, ಸೇದಿದ ಸಂಕಟಕ್ಕೆ ಇನ್ನೊಂದು. ಆಮೇಲೆ ಜೇಬಿನಲ್ಲಿ ಸೋಂಪು, ಸ್ಕೂಟರಿನ ಡಿಕ್ಕಿಯಲ್ಲಿ ಬದಲಿ ಅಂಗಿ, ಮನೆಗೆ ಬಂದವನೇ ಬಚ್ಚಲಿಗೆ. ಮಗಳು ಓಡಿಬಂದರೆ ‘ಇರು ಪುಟ್ಟಾ, ಕೈ ತೊಳೆದು ಬರುತ್ತೇನೆ’. ಅವಳ ಆಟದಲ್ಲೂ ಅಪ್ಪನೆಂದರೆ ಕೈ ತೊಳೆಯುವವನು.

ಪ್ರೇರಣೆ ಬೇಕು ಎನ್ನುತ್ತೀರಿ. ನಿಮಗೆ ಕಾರಣಗಳಿಗೇನು ಬರವೇ? ಪೊಟ್ಟಣದ ಶೇ. 85ರಷ್ಟು ಜಾಗದಲ್ಲಿ ಅದನ್ನೇ ಅಚ್ಚು ಹಾಕಿರುತ್ತಾರೆ. (ಒಂದೊಂದೇ ಕೊಳ್ಳುವ ನನ್ನಂಥವನಿಗೆ ಅದೂ ಕಾಣುತ್ತಿದ್ದುದು ಅಪರೂಪ. ಬಿಡಿ ಸಿಗರೇಟು ಮಾರಬಾರದೆಂದು ಕರ್ನಾಟಕ 2017ರಲ್ಲೇ ಆದೇಶಿಸಿದೆ, ಗೂಡಂಗಡಿಯವರನ್ನು ಕೇಳಿ ನೋಡಿ!) ಅದೇ ಪೊಟ್ಟಣದ ಮೇಲಿದ್ದ, ತಂಬಾಕು ಬಿಡುವವರಿಗೆ ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕೊನೆಗೊಂದು ದಿನ ಕರೆ ಮಾಡಿದೆ. ಉಪದೇಶ ಮಾಡುತ್ತಾರೆಂದುಕೊಂಡಿದ್ದೆ. ‘ಯಾವ ಸಿಗರೇಟು ಬಿಡುವುದು ಎಲ್ಲಕ್ಕಿಂತ ಕಷ್ಟ?’ ಎಂದು ಕೇಳಿದರು. ಬೈಸಿಕೊಂಡ ಮೇಲಿನದು, ಎಂದೆ. ಬರೆದಿಟ್ಟು ನೋಡಿದರೆ ಮಾಲೀಕರು ಊರಲ್ಲಿಲ್ಲದ ದಿನವೂ ಹನ್ನೊಂದು ಗಂಟೆಗೆ ಸರಿಯಾಗಿ ಸಿಟ್ಟು ಬರುತ್ತಿತ್ತು! ಸೇದಿದ ಮೇಲೆ ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ಆ ಚಡಪಡಿಕೆಯನ್ನೇ ನಾನು ಕೆಲಸದ ಒತ್ತಡವೆಂದು ಕರೆಯುತ್ತಿದ್ದೆ. ಸಿಗರೇಟು ತಾನೇ ಹಚ್ಚಿದ ಬೆಂಕಿಯನ್ನು ತಾನೇ ಆರಿಸಿ ಉಪಕಾರದ ಲೆಕ್ಕ ಬರೆದುಕೊಳ್ಳುತ್ತಿತ್ತು.

ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ತಂದೆ. ಬಬಲ್ ಗಮ್‌ನಂತೆ ಅಗಿದು ಬಿಕ್ಕಳಿಕೆ ಬರಿಸಿಕೊಂಡೆ. ಬಾಯಿ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕಂತೆ. ಕಾಫಿಯನ್ನೂ ಅರ್ಧಕ್ಕಿಳಿಸಿ. ಹೊಗೆ ನಿಂತ ಮೇಲೆ ಕೆಫೀನ್ ಮೈಯಿಂದ ಬೇಗ ಇಳಿಯುವುದಿಲ್ಲ, ಎದೆ ಹೊಡೆದುಕೊಂಡರೆ ಸಿಗರೇಟಿಲ್ಲದ್ದಕ್ಕೇ ಹೀಗೆಂದು ಮೋಸಹೋಗುತ್ತೀರಿ.

ಇದಕ್ಕೆಲ್ಲ ಮೊದಲು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಡಿಕ್ಕಿಯ ಅಂಗಿಯನ್ನು ಅವಳು ಎರಡು ವರ್ಷದ ಹಿಂದೆಯೇ ನೋಡಿದ್ದಳಂತೆ. ‘ಮತ್ತೇಕೆ ಕೇಳಲಿಲ್ಲ?’ ಎಂದೆ. ‘ಮಗುವಿನ ತಲೆ ಮುಟ್ಟಿದ್ದಿರಿ. ಕೇಳಿ, ನೀವು ಹೌದೆಂದುಬಿಟ್ಟರೆ ಎಂದು ಹೆದರಿಕೆಯಾಗುತ್ತಿತ್ತು’ ಎಂದಳು.

ಬಿಟ್ಟ ಮೊದಲ ಮೂರು ತಿಂಗಳಲ್ಲಿ ಎರಡು ಸಲ ಜಾರಿದೆ. ಎರಡು ಸಲವೂ ಆ ಸಂಜೆಯೇ ಹೇಳಿದೆ, ಬೈಸಿಕೊಂಡೆ, ಊಟ ಮಾಡಿದೆ. ಈಗ ಆರನೆಯ ವರ್ಷ. ನಿಮ್ಮ ಅಮ್ಮನಿಗೆ ಏನಾದರೂ ಹೇಳಲೇಬೇಕೆಂದರೆ ಇಷ್ಟು ಹೇಳಿ: ‘ಬಿಡುತ್ತಿದ್ದೇನೆ ಅಮ್ಮಾ, ನಡುವೆ ಸೇದಿದರೆ ನಿನಗೇ ಬಂದು ಹೇಳುತ್ತೇನೆ.’