ದುರ್ಗದ ಕೋಟೆ, ಹರಿಹರ ಎರಡೂ ಒಂದೇ ದಿನಕ್ಕೆ ಬೇಡ

ವಯಸ್ಸಾದ ತಾಯಿ ಜೊತೆ ಒಂದೇ ದಿನದಲ್ಲಿ ಚಿತ್ರದುರ್ಗದ ಕೋಟೆ, ಹರಿಹರದ ಗುಡಿ ಎರಡೂ ಮುಗಿಸಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಹೊರಟವನೇ. ನಮ್ಮದು ಹಿರಿಯೂರು ಕಡೆ. ಹರಿಹರೇಶ್ವರನಿಗೆ ಅವ್ವನ ಹರಕೆ ಬಾಕಿ ಇತ್ತು. ಹೇಗೂ ಹೈವೇಲಿ ಹೋಗ್ತೀವಿ, ದಾರೀಲೇ ಸಿಗೋ ದುರ್ಗ ಬಿಡೋದ್ಯಾಕೆ ಅಂತ ಮೊದಲು ಕೋಟೆ ಹತ್ತಿಸಿದೆ.

ಕೆಟ್ಟಿದ್ದು ಅಲ್ಲೇ. ಬಿಸಿಲೇರೋ ಮೊದಲು ಬಂಡೆ ಹತ್ತಿಬಿಡೋಣ, ದೇವರು ಎಲ್ಲಿ ಹೋಗ್ತಾನೆ ಅನ್ನೋದು ನನ್ನ ತರ್ಕ. ಏಳು ಸುತ್ತಿನ ಕೋಟೆ ಅದು, ಒಂದು ಬಾಗಿಲು ದಾಟಿದರೆ ಇನ್ನೊಂದು. ಓಬವ್ವನ ಕಿಂಡಿ ಆಯ್ತು, ಹಿಡಿಂಬೇಶ್ವರ ಆಯ್ತು, ಏಕನಾಥೇಶ್ವರಿಗೂ ಕೈಮುಗಿಯಬೇಕು ಅಂದಳು. ಮಂಡಿ ಹಿಡಿದು ಕೂತು ಕೂತು ಇಳಿಯೋ ಹೊತ್ತಿಗೆ ಸೂರ್ಯ ನೆತ್ತಿ ಮೇಲೆ. ಅಲ್ಲಿಂದ ಹರಿಹರಕ್ಕೆ ಎಪ್ಪತ್ತು ಕಿಲೋಮೀಟರ್ ಮೇಲೇ. ರಸ್ತೆ ಚೆನ್ನಾಗಿದೆ, ತಡ ಆಗಿದ್ದು ರಸ್ತೆಯಿಂದಲ್ಲ. ನಾನು ಮೊಬೈಲಲ್ಲಿ ದೂರ ನೋಡಿದ್ದೆ, ಪೂಜೆ ಹೊತ್ತು ಯಾರನ್ನೂ ಕೇಳಿರಲಿಲ್ಲ. ಹೊಯ್ಸಳರ ಕಾಲದ ಗುಡಿ ತಾನೇ, ಹಗಲೆಲ್ಲ ತೆಗೆದೇ ಇರುತ್ತೆ ಅನ್ಕೊಂಡಿದ್ದೆ. ದಿನನಿತ್ಯ ಪೂಜೆ ನಡೆಯೋ ಗುಡಿ ಸ್ವಾಮಿ ಅದು! ಹೋಗೋ ಹೊತ್ತಿಗೆ ಗರ್ಭಗುಡಿ ಬಾಗಿಲು ಹಾಕಿತ್ತು. ಅವ್ವ ಹಣ್ಣುಕಾಯಿ ಚೀಲ ಮಡಿಲಲ್ಲಿಟ್ಟುಕೊಂಡು ಮಂಟಪದಲ್ಲಿ ಕೂತಳು. ಸಂಜೆವರೆಗೆ ಕಾಯೋ ತ್ರಾಣ ಅವಳಲ್ಲಿರಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಮಂಗಳಾರತಿ.

ಆಮೇಲೊಮ್ಮೆ ಬೆಳಿಗ್ಗೆ ಬೆಳಿಗ್ಗೆ ನೇರ ಹರಿಹರಕ್ಕೇ ಹೋದೆವು. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಇದು. ಸೋಮನಾಥಪುರದ ಗುಡಿ ಕಟ್ಟಿಸಿದ ಸೋಮ ದಂಡನಾಯಕ 1268ರಲ್ಲಿ ಇಲ್ಲೂ ಒಂದಿಷ್ಟು ಸೇರಿಸಿದ್ದಾನೆ. ಬೇಲೂರಿನಂತೆ ಗೋಡೆ ತುಂಬಾ ಶಿಲ್ಪ ಹುಡುಕಿದರೆ ನಿರಾಸೆಯಾದೀತು. ಮಂಟಪದ ನುಣುಪು ಕಂಬಗಳ ನಡುವೆ ಸುಮ್ಮನೆ ಕೂರಬೇಕು. ಒಳಗಿರೋ ಮೂರ್ತಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಅಂತ ಬ್ರಹ್ಮ ವರ ಕೊಟ್ಟಿದ್ದನಂತೆ. ಅದಕ್ಕೇ ಇಬ್ಬರೂ ಒಂದೇ ಮೈಯಾಗಿ ಬಂದು ಕೊಂದರು ಅನ್ನೋದು ಸ್ಥಳಪುರಾಣ. ಅವ್ವ ಈ ಕಥೆಯನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ನನಗಿಂತ ಚೆನ್ನಾಗಿ ಹೇಳಿದಳು, ಒಂದೆರಡು ಸಂಗತಿ ತಾನೇ ಸೇರಿಸಿ.

ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಲೆಕ್ಕವನ್ನೇ ಬಿಡಿ. ತಾಯಿ ಜೊತೆ ಹರಿಹರ ಮಾತ್ರ ಇಟ್ಟುಕೊಳ್ಳಿ, ಪೂಜೆ ಹೊತ್ತು ಮೊದಲೇ ಫೋನ್ ಮಾಡಿ ಕೇಳಿ, ದರ್ಶನ ಆದಮೇಲೆ ತುಂಗಭದ್ರೆ ದಡಕ್ಕೆ ಕರ್ಕೊಂಡು ಹೋಗಿ. ಕೋಟೆಗೆ ಚಳಿಗಾಲದಲ್ಲಿ ಗೆಳೆಯರ ಜೊತೆ ಬನ್ನಿ, ಅದಕ್ಕೇ ಇಡೀ ದಿನ ಬೇಕು. ಇನ್ನು ದಾವಣಗೆರೆ ಬೆಣ್ಣೆ ದೋಸೆ ಬರುವಾಗ ತಿನ್ನಿ. ಹೋಗುವಾಗಲೇ ಗಾಡಿ ನಿಲ್ಲಿಸಿದಿರೋ, ಒಂದರ ಮೇಲೆ ಇನ್ನೊಂದು ಹೇಳ್ತಾ ಹೇಳ್ತಾ ಪೂಜೆ ಹೊತ್ತು ದಾಟಿಹೋಗುತ್ತೆ.