ಹಳೇ ಕಂಟೆಸ್ಸಾ ಕಾರಿನಲ್ಲಿರೋ ಅಲಾರಂ ವೈರುಗಳನ್ನು ಕತ್ತರಿಸಿ ತೆಗೆದುಬಿಡಬಹುದಾ?

ನಿಮ್ಮ ಮಾವನವರ 1995ರ ಕಂಟೆಸ್ಸಾದಲ್ಲಿ ಹೊರಗಡೆ ಅಂಗಡಿಯಲ್ಲಿ ಹಾಕಿಸಿದ ಅಲಾರಂ ಇದೆ. ರಿಮೋಟ್ ಕಳೆದುಹೋಗಿದೆ, ರಾತ್ರಿ ಹೊತ್ತು ತಾನಾಗೇ ಕೂಗುತ್ತದೆ. ಅದರ ಫ್ಯೂಸ್ ಕಿತ್ತರೆ ಸದ್ದೇನೋ ನಿಲ್ಲುತ್ತದೆ, ಆದರೆ ಸೆಲ್ಫ್ (ಎಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟಾರು) ತಗೊಳ್ಳಲ್ಲ ಅಂತ ಬರೆದಿದ್ದೀರಿ. ಸದ್ಯಕ್ಕೆ ಏನನ್ನೂ ಕತ್ತರಿಸಬೇಡಿ.

ಸೆಲ್ಫ್ ತಗೊಳ್ಳಲ್ಲ ಅಂದಿರಲ್ಲ, ವಿಷಯ ಎಲ್ಲಾ ಅಲ್ಲೇ ಇದೆ. ಅಲಾರಂ ಕೂರಿಸುವಾಗ ಕೀ ಸ್ವಿಚ್‌ನಿಂದ ಸ್ಟಾರ್ಟರ್‌ಗೆ ಹೋಗುವ ವೈರನ್ನು ಮಧ್ಯದಲ್ಲಿ ಕತ್ತರಿಸಿ, ಎರಡೂ ತುದಿಗಳನ್ನು ಒಂದು ರಿಲೇಗೆ, ಅಂದರೆ ಕರೆಂಟಿನಿಂದ ಆನ್-ಆಫ್ ಆಗೋ ಪುಟ್ಟ ಸ್ವಿಚ್‌ಗೆ ಕೊಡುತ್ತಾರೆ. ರಿಲೇಯ ಬುಡದಲ್ಲಿ ಪಿನ್ ನಂಬರ್ ಇರುತ್ತದೆ. ಆ ತುದಿಗಳು 30 ಮತ್ತು 87ಎ ಪಿನ್‌ಗಳಲ್ಲಿದ್ದರೆ ಅಲಾರಂಗೆ ಕರೆಂಟ್ ಇಲ್ಲದಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ. 30 ಮತ್ತು 87ರಲ್ಲಿದ್ದರೆ ರಿಲೇಗೆ ಕರೆಂಟ್ ಬಂದಾಗ ಮಾತ್ರ ದಾರಿ ಕೂಡುತ್ತದೆ. ನಿಮ್ಮದು ಎರಡನೇ ತರಹದ್ದು ಅನ್ನಿಸುತ್ತದೆ. ಕೆಲವರು ಸ್ಟಾರ್ಟರ್ ಬಿಟ್ಟು ಎಂಜಿನ್‌ಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್‌ನ ವೈರನ್ನು ಕತ್ತರಿಸಿರುತ್ತಾರೆ. ಆಗ ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತಲ್ಲ.

ಹಾಗಾಗಿ ಇಲ್ಲಿ ಅಲಾರಂ ಡಬ್ಬಿ ಕಿತ್ತು ಹಾಕೋದು ಸಣ್ಣ ಕೆಲಸ. ಅದನ್ನು ಹಾಕೋಕೆ ಅಂತ ಗಾಡಿಯ ಯಾವ ಯಾವ ವೈರು ಕತ್ತರಿಸಿದ್ದಾರೋ ಅವನ್ನೆಲ್ಲ ಹುಡುಕಿ ಮತ್ತೆ ಸೇರಿಸೋದೇ ನಿಜವಾದ ಕೆಲಸ.

ನಮ್ಮ ತಂದೆಯ ಕಂಟೆಸ್ಸಾಗೂ ಇದೇ ಗತಿ ಆಗಿತ್ತು. ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಒಂದು ಅಂಗಡಿಯವರು ಹಾಕಿಕೊಟ್ಟಿದ್ದ ಅಲಾರಂ. ಗಾಡಿ ಹತ್ತು ದಿನ ನಿಂತರೆ ಬ್ಯಾಟರಿ ಪೂರ್ತಿ ಡೌನ್. ಎರಡು ಬ್ಯಾಟರಿ ಬದಲಾಯಿಸಿದ ಮೇಲೆ ಒಂದು ಭಾನುವಾರ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಬ್ಯಾಟರಿಗೂ ಮಧ್ಯೆ ಕರೆಂಟ್ ಅಳೆಯೋ ಮಲ್ಟಿಮೀಟರ್ ಇಟ್ಟು ನೋಡಿದೆ. ಕೀ ತೆಗೆದು ಬಾಗಿಲು ಮುಚ್ಚಿದ್ದರೂ 180 ಮಿಲಿಆಂಪ್ ಹೋಗ್ತಾ ಇತ್ತು. 45 ಆಂಪ್ ಅವರ್ ಬ್ಯಾಟರಿಗೆ ಲೆಕ್ಕ ಹಾಕಿದರೆ 250 ಗಂಟೆ, ಅಂದರೆ ಹೆಚ್ಚುಕಮ್ಮಿ ಹತ್ತು ದಿನ! ನೀವೂ ಮೊದಲು ಇದನ್ನು ಅಳೆಯಿರಿ. ಮೀಟರನ್ನು 10 ಆಂಪ್ ರೇಂಜಿಗೆ ಹಾಕಿರಬೇಕು. ಅದು ಮಧ್ಯೆ ಇರುವಾಗ ಸೆಲ್ಫ್ ಹೊಡೆಯಬಾರದು, ಹೆಡ್‌ಲೈಟ್ ಹಾಕಬಾರದು.

ಒಂದು ಎಚ್ಚರಿಕೆ. ಕೆಲವು ಸೈರನ್‌ಗಳ ಒಳಗೇ ಪುಟ್ಟ ಬ್ಯಾಟರಿ ಇರುತ್ತದೆ. ಗಾಡಿಯ ಬ್ಯಾಟರಿ ಬಿಚ್ಚಿದ ಕೂಡಲೇ ಅದು ಕಿವಿ ಹರಿಯೋ ಹಾಗೆ ಕೂಗುತ್ತದೆ. ಸೈರನ್ ಮೇಲೆ ಸಣ್ಣ ಬೀಗದ ತೂತು ಕಂಡರೆ ಅದೇ ಜಾತಿ. ಕೀ ಇದ್ದರೆ ಅದನ್ನು ಮೊದಲು ಆಫ್ ಮಾಡಿ, ಆಮೇಲೆ ಬ್ಯಾಟರಿ ಬಿಚ್ಚಿ.

ಮುಂದಿನ ಕೆಲಸ ಸ್ಟೀರಿಂಗ್ ಕೆಳಗೆ. ಕವರ್ ಬಿಚ್ಚಿ, ಟಾರ್ಚ್ ಇಟ್ಟುಕೊಂಡು ಬೆನ್ನ ಮೇಲೆ ಮಲಗಬೇಕು. ಅಲಾರಂ ಡಬ್ಬಿಯ ವೈರುಗಳು ಬಹಳ ಸಲ ಎಲ್ಲಾ ಕಪ್ಪು ಬಣ್ಣದವೇ. ಬಣ್ಣ ನಂಬಬೇಡಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಬ್ಯಾಟರಿಯಿಂದ ಒಂದು, ಅರ್ಥ್ ಒಂದು, ಇಂಡಿಕೇಟರ್‌ಗೆ ಎರಡು, ಡೋರ್ ಸ್ವಿಚ್‌ಗೆ ಒಂದು, ಸೈರನ್‌ಗೆ ಒಂದು, ಹೀಗಿರುತ್ತವೆ. ಪ್ರತಿಯೊಂದಕ್ಕೂ ಕಾಗದದ ಟೇಪ್ ಅಂಟಿಸಿ ಹೆಸರು ಬರೆಯಿರಿ. ಫೋಟೋ ತೆಗೆದಷ್ಟೂ ಒಳ್ಳೇದು.

ನಾನು ಸ್ಟಾರ್ಟರ್ ವೈರಿನ ಜಾಯಿಂಟ್ ಬಿಚ್ಚಿದಾಗ ನಿಜವಾಗ್ಲೂ ಸಂಕಟ ಆಯ್ತು. ಟೇಪ್ ಬಿಸಿಲಿಗೆ ಕರಗಿ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟುತ್ತಿತ್ತು. ಸಾಲ್ಡರ್ ಇಲ್ಲ, ಏನಿಲ್ಲ, ಸುಮ್ನೆ ತಿರುಚಿ ಸುತ್ತಿದ್ದರು. ತಾಮ್ರದ ಎಳೆಗಳು ಹಸಿರುಗಟ್ಟಿದ್ದವು, ಅರ್ಧದಷ್ಟು ಮುಟ್ಟಿದರೆ ಮುರಿಯುತ್ತಿದ್ದವು. ಮಳೆಗಾಲದಲ್ಲಿ ಸೆಲ್ಫ್ ಯಾಕೆ ಕೈಕೊಡುತ್ತಿತ್ತು ಅಂತ ಅವತ್ತು ಗೊತ್ತಾಯ್ತು. ಅಪ್ಪ ಪಾಪ, ಅದಕ್ಕಾಗಿ ಸ್ಟಾರ್ಟರ್ ಮೋಟಾರನ್ನೇ ಎರಡು ಸಲ ರಿಪೇರಿ ಮಾಡಿಸಿದ್ದರು.

ಎರಡು ತುದಿಗಳನ್ನೂ ಹೊಳೆಯುವ ತಾಮ್ರ ಸಿಗೋವರೆಗೆ ಹಿಂದಕ್ಕೆ ಕತ್ತರಿಸಿ. ಉದ್ದ ಸಾಲದಿದ್ದರೆ ಅಷ್ಟೇ ದಪ್ಪದ ವೈರಿನ ತುಂಡು ಸೇರಿಸಿ. ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯೋ ಪ್ಲಾಸ್ಟಿಕ್ ಕೊಳವೆ) ಮೊದಲೇ ತೂರಿಸಿಟ್ಟು, ಸಾಲ್ಡರ್ ಮಾಡಿ, ಆಮೇಲೆ ಸ್ಲೀವ್ ಎಳೆದು ಬಿಸಿ ಮಾಡಿ. ಈ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ. ಸ್ಟಾರ್ಟರ್ ಅಥವಾ ಕಾಯಿಲ್ ವೈರು ಸೇರಿಸಿದ ಕೂಡಲೇ ಬ್ಯಾಟರಿ ಹಾಕಿ ಗಾಡಿ ಸ್ಟಾರ್ಟ್ ಮಾಡಿ ನೋಡಿ, ಬ್ಯಾಟರಿ ಮತ್ತೆ ಬಿಚ್ಚಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ. ಇಂಡಿಕೇಟರ್, ಡೋರ್ ವೈರುಗಳನ್ನು ಸಾಮಾನ್ಯವಾಗಿ ಕತ್ತರಿಸಿರಲ್ಲ, ಸಿಪ್ಪೆ ಸುಲಿದು ಅಲಾರಂ ವೈರನ್ನು ಸುತ್ತಿರುತ್ತಾರೆ ಅಷ್ಟೇ. ಅದನ್ನು ಬಿಡಿಸಿ ಸುಲಿದ ಜಾಗ ಮುಚ್ಚಿದರೆ ಸಾಕು. ನೀಲಿ ಬಣ್ಣದ ಕಚ್ಚುವ ಕ್ಲಿಪ್ ಇದ್ದರೆ ಕೆಳಗಿನ ಎಳೆಗಳು ತುಂಡಾಗಿವೆಯಾ ನೋಡಿ.

ಸೈರನ್ ವೈರು ಬಾನೆಟ್‌ನಿಂದ ಒಳಗೆ ಬರೋಕೆ ಕೊರೆದ ತೂತಿಗೆ ರಬ್ಬರ್ ಬಿರಡೆ ಹಾಕೋದು ಮರೀಬೇಡಿ. ಇಲ್ಲಾಂದ್ರೆ ಮಳೆ ನೀರು ಒಳಗೆ ಇಳಿದು ತುಕ್ಕು ಹಿಡಿಯುತ್ತದೆ.

ಅಪ್ಪನ ಆ ಗಾಡಿಯಲ್ಲಿ ಈಗ ಕೀ ತೆಗೆದಾಗ 8 ಮಿಲಿಆಂಪ್ ಮಾತ್ರ ಹೋಗುತ್ತದೆ, ಅದು ಗಡಿಯಾರಕ್ಕೆ. ನಿಮ್ಮ ರಿಲೇಯ ಬುಡದ್ದೊಂದು ಫೋಟೋ ಹಾಕಿ, ಪಿನ್ ನಂಬರೂ ವೈರುಗಳೂ ಕಾಣೋ ಹಾಗೆ. ಯಾವ ಎರಡನ್ನು ಸೇರಿಸಬೇಕು ಅಂತ ನೋಡಿ ಹೇಳ್ತೀನಿ.