ಕಾಲರೂ ತೋಳೂ ಸೇರಿದರೆ ನಾಯಕ

ಪ್ರಶ್ನೆ: ಶಿರಸಿಯಲ್ಲಿ 20 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಚೀನೀ ಭಾಷೆ ಕಲಿಯುತ್ತಿರುವ ಮಗಳು, ‘ಅಮ್ಮಾ, ಅವರು ನಾಯಕನಿಗೆ ಕಾಲರು-ತೋಳು ಅಂತಾರೆ’ ಅಂದಳು. ನಿಜವಾ? ಹೊಲಿಗೆಯಿಂದ ಬಂದ ಮಾತು ಇನ್ನೂ ಇವೆಯಾ?
– ಓದುಗರೊಬ್ಬರು, ಶಿರಸಿ

ಉತ್ತರ: ಪೂರ್ತಿ ನಿಜ. ‘ಲಿಂಗ್‌ಶಿಯು’ ಅಂದರೆ ನಾಯಕ. ಲಿಂಗ್ ಅಂದರೆ ಕೊರಳಪಟ್ಟಿ, ಶಿಯು ಅಂದರೆ ತೋಳು. ಬಟ್ಟೆ ವ್ಯಾಪಾರದ ಕೆಲಸಕ್ಕೆ ಗ್ವಾಂಗ್‌ಝೌನಲ್ಲಿದ್ದಾಗ ಈ ಪದ ಕಲಿತೆ. ಕಲಿತ ಕೂಡಲೇ ಕಾರವಾರದ ನಮ್ಮ ಮನೆ ಜಗುಲಿ ಕಣ್ಣೆದುರು ಬಂತು. ಅಪ್ಪ ದರ್ಜಿ. ನಮ್ಮ ಕಡಲತಡಿಯ ಬೆವರಿಗೆ ಅಂಗಿಯಲ್ಲಿ ಮೊದಲು ಸವೆಯುವುದು ಕಾಲರು, ಆಮೇಲೆ ತೋಳಿನ ಅಂಚು. ಅಪ್ಪ ಬ್ಲೇಡಿನ ತುದಿಯಿಂದ ಕಾಲರಿನ ಹೊಲಿಗೆ ಒಂದೊಂದೇ ಬಿಚ್ಚುತ್ತಿದ್ದರು. ಸವೆದ ಮಗ್ಗುಲು ಒಳಗೆ, ಮಾಸದ ಮಗ್ಗುಲು ಹೊರಗೆ ಮಾಡಿ ಮತ್ತೆ ಕೂರಿಸುತ್ತಿದ್ದರು. ಹಳೇ ಅಂಗಿಗೆ ಹೊಸ ಜೀವ.

ಚೀನಾದಲ್ಲೂ ಹಾಗೇ. ಜಾಸ್ತಿ ಉಜ್ಜುವ ಜಾಗ ಅಂತ ಕೊರಳಿಗೂ ತೋಳಿನ ಅಂಚಿಗೂ ಬೇರೆ ಪಟ್ಟಿ ಕೊಟ್ಟು ಹೊಲಿಯುತ್ತಿದ್ದರು. ನೋಡುವವರ ಕಣ್ಣಿಗೆ ಮೊದಲು ಬೀಳುವುದೂ ಅದೇ. ಹಾಗಾಗಿ ನಾಲ್ಕು ಜನಕ್ಕೆ ಮಾದರಿಯಾಗುವವನಿಗೆ ಆ ಹೆಸರು. ಎಲ್ಲರಿಗಿಂತ ಮೊದಲು ಸವೆಯುವವನೂ ಅವನೇ ಆಗಬೇಕು, ಅಲ್ವಾ?

ತೋಳಿನದೇ ಇನ್ನೊಂದು ಮಾತಿದೆ: ‘ಎರಡು ತೋಳಿನಲ್ಲೂ ತಂಗಾಳಿ’. ನಾವು ‘ಕೈ ಶುದ್ಧ’ ಅನ್ನುತ್ತೇವಲ್ಲ, ಅದು. ಹಳೇ ನಿಲುವಂಗಿಯ ಅಗಲ ತೋಳೇ ಅವರಿಗೆ ಕಿಸೆ. ಮಿಂಗ್ ಕಾಲದ ಅಧಿಕಾರಿ ಯು ಛಿಯೆನ್ (1398–1457) ರಾಜಧಾನಿಗೆ ಹೋಗುವಾಗ ದೊಡ್ಡವರಿಗೆ ಕಾಣಿಕೆ ಒಯ್ಯಲಿಲ್ಲ. ರೇಷ್ಮೆ ಕರವಸ್ತ್ರ, ಅಣಬೆ, ಊದುಬತ್ತಿ ಎಲ್ಲ ಜನರ ಬಳಕೆಗೆ ಇರುವಂಥವು, ಈಗ ಅವೇ ಜನರಿಗೆ ಪೀಡೆಯಾಗಿವೆ, ನಾನು ತೋಳಿನಲ್ಲಿ ಬರೀ ಗಾಳಿ ತುಂಬಿಕೊಂಡು ಹೋಗುತ್ತೇನೆ ಅಂತ ಪದ್ಯವನ್ನೇ ಬರೆದ.

ಷಡ್ಡಕನಿಗೆ ‘ಲ್ಯೆನ್‌ಜಿನ್’, ಅಂದರೆ ಒಂದಕ್ಕೊಂದು ಕೂಡಿದ ಅಂಗಿಯ ಎದೆಭಾಗ. ಇನ್ನು ನಮ್ಮ ಹಾಸುಹೊಕ್ಕು ಅವರಲ್ಲಿ ಭೂಪಟಕ್ಕೇ ಏರಿದೆ: ಮಗ್ಗದ ಉದ್ದ ಎಳೆ ಹಾಸು, ಅದೇ ಪದ ರೇಖಾಂಶಕ್ಕೆ; ಅಡ್ಡ ಎಳೆ ಹೊಕ್ಕು, ಅದೇ ಅಕ್ಷಾಂಶಕ್ಕೆ.

ನಿಮಗೆ ಅಂತ ಒಂದು ಮಾತು ಎತ್ತಿಟ್ಟಿದ್ದೆ: ‘ಬೇರೆಯವರ ಮದುವೆ ಬಟ್ಟೆ ಹೊಲಿಯುವುದು’. ದುಡಿದದ್ದು ಒಬ್ಬರು, ಫಲ ಇನ್ನೊಬ್ಬರಿಗೆ ಅನ್ನುವಾಗ ಚೀನೀಯರು ಇವತ್ತಿಗೂ ಹೀಗೆ ಹೇಳುತ್ತಾರೆ. ತಾಂಗ್ ಕಾಲದ ಕವಿ ಚಿನ್ ತಾವ್‌ಯು ಬರೆದ ಬಡ ಹುಡುಗಿಯ ಪದ್ಯದ ಸಾಲು ಅದು. ವರ್ಷ ವರ್ಷವೂ ಜರಿ ದಾರ ಹಿಡಿದು ಕೂತವಳ ಸಂಕಟ. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಕ್ಕೂ ಮೆಷಿನ್ ತುಳಿಯುವ ನಿಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಕ್ಕನ ಮದುವೆ ಬ್ಲೌಸಿಗೆ ಅಪ್ಪ ಹುಕ್ಕು ಹಚ್ಚಿದ್ದು ಮುಹೂರ್ತದ ದಿನ ಬೆಳಿಗ್ಗೆ. ಊರವರ ಬ್ಲೌಸುಗಳು ಮುಗಿದದ್ದೇ ಆಗ.